ಅಪ್‌ಡೇಟ್: ಪ್ರೋಟೀನ್ ಪಿಎಚ್‌ಡಿ ಸಂದರ್ಶನ ಮುಗೀತು, ಆಯ್ಕೆಯಾದೆ!

ಬೆಂಗಳೂರಲ್ಲಿ ಪ್ರೋಟೀನ್ ವಿಷಯದ ಪಿಎಚ್‌ಡಿ ಸಂದರ್ಶನಕ್ಕೆ ಹೇಗೆ ತಯಾರಾಗಲಿ ಅಂತ ಹದಿನೈದು ದಿನದ ಹಿಂದೆ ಕೇಳಿದ್ದೆನಲ್ಲ, ಸೀಟು ಸಿಕ್ಕಿತು. ಅಮ್ಮ ಪಾಯಸ ಮಾಡಿದ್ರು.

ಕೈಹಿಡಿದದ್ದು 'ನಿಮ್ಮ ಎಂಎಸ್ಸಿ ಪ್ರಾಜೆಕ್ಟನ್ನೇ ಬುಡದಿಂದ ಓದಿಕೊಳ್ಳಿ' ಅಂದ ಅಕ್ಕನ ಸಲಹೆ. ಸಂದರ್ಶನದಲ್ಲಿ ನನ್ನ ಪ್ರಾಜೆಕ್ಟಿನ ಜೆಲ್‌ನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸೋ ಪದರ) ಎರಡು ಬ್ಯಾಂಡ್, ಅಂದ್ರೆ ಪಟ್ಟಿ, ಯಾಕೆ ಬಂತು ಅಂತಲೇ ಇಪ್ಪತ್ತು ನಿಮಿಷ ಕೇಳಿದ್ರು! ಆಮೇಲೆ ರಾಮಚಂದ್ರನ್ ಪ್ಲಾಟ್ (ಪ್ರೋಟೀನ್ ಸರಪಳಿ ಯಾವ್ಯಾವ ಕೋನಗಳಿಗೆ ತಿರುಗಬಹುದು ಅಂತ ತೋರಿಸೋ ನಕ್ಷೆ) ಬಿಡಿಸಿ ಅಂದ್ರು. ಪ್ರೋಟೀನ್ ಕಟ್ಟೋ ಅಮೈನೋ ಆಮ್ಲಗಳಲ್ಲಿ ಗ್ಲೈಸಿನ್‌ಗೆ ಪಕ್ಕದ ಸರಪಳಿಯ ಜಾಗದಲ್ಲಿ ಬರೀ ಹೈಡ್ರೋಜನ್, ಅದಕ್ಕೇ ಬೇರೆಯವು ಹೋಗಲಾಗದ ಕೋನಗಳಿಗೂ ತಿರುಗುತ್ತೆ. ಇನ್ನೊಂದು ಅಮೈನೋ ಆಮ್ಲ ಪ್ರೋಲಿನ್‌ಗೆ ಉಂಗುರದ ಬಿಗಿ, ಹೆಚ್ಚು ತಿರುಗಲ್ಲ. ಇಷ್ಟು ಹೇಳಿದ್ದಕ್ಕೆ ಖುಷಿಪಟ್ಟರು.

ದಪ್ಪ ಪುಸ್ತಕ ಮೊದಲಿಂದ ಓದಿದ್ದು, ಸಿಕ್ಕಸಿಕ್ಕ ಪ್ರೊಫೆಸರ್‌ಗಳಿಗೆಲ್ಲ ಒಂದೇ ಮೇಲ್ ಕಳಿಸಿದ್ದು ಉಪಯೋಗಕ್ಕೆ ಬರಲಿಲ್ಲ.

ಗೊತ್ತೇ ಇರದಿದ್ದ ಸಂಗತಿ: 1963ರಲ್ಲಿ ಆ ಪ್ಲಾಟ್ ಕೊಟ್ಟ ಜಿ. ಎನ್. ರಾಮಚಂದ್ರನ್ ಅವರೇ ನಮ್ಮ ಐಐಎಸ್ಸಿಯ (ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ) ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದವರು.