ದೇವಿಕೆರೆ ಬಳಿಯ ಹಳೆಯ ಕಿರಾಣಿ ಅಂಗಡಿ: ಉಳಿಸಿಕೊಳ್ಳುವ ದಾರಿ ಇದೆಯೇ?

ದೇವಿಕೆರೆ ನಿವಾಸಿ (ಪ್ರಶ್ನೆ):

ಶಿರಸಿಯ ದೇವಿಕೆರೆಯ ಹತ್ತಿರ, ಹಂಚಿನ ಮಾಡಿನ ಹಳೆಯ ಕಟ್ಟಡದಲ್ಲಿರುವ ನಮ್ಮ ಕಿರಾಣಿ ಅಂಗಡಿಯ ವಿಚಾರವಾಗಿ ಬಲ್ಲವರ ಸಲಹೆ ಬೇಕಾಗಿದೆ. ಅಂಗಡಿಯವರನ್ನು ಕೇರಿಯ ದೊಡ್ಡವರೂ ಮಕ್ಕಳೂ ಮಾಮ ಎಂದೇ ಕರೆಯುತ್ತೇವೆ. ಅವರ ತಂದೆಯವರ ಕಾಲದಿಂದ ಅದೇ ಜಾಗದಲ್ಲಿ ಬಾಡಿಗೆಗಿದ್ದಾರೆ. ಕಟ್ಟಡದ ಹಿರಿಯ ಮಾಲೀಕರು ತೀರಿಕೊಂಡ ಮೇಲೆ ಅವರ ಮಕ್ಕಳು ಅಲ್ಲಿ ವಾಣಿಜ್ಯ ಮಳಿಗೆ ಕಟ್ಟಿಸಲು ಹೊರಟಿದ್ದು, ದೀಪಾವಳಿಯೊಳಗೆ ಜಾಗ ಬಿಟ್ಟುಕೊಡಬೇಕೆಂದು ಬಾಯಿಮಾತಿನಲ್ಲಿ ಹೇಳಿ ಹೋಗಿದ್ದಾರೆ. ಮಾಮನಿಗೆ ಈಗ 71 ವರ್ಷ, ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ.

ಅಕ್ಕಿ, ಬೇಳೆ, ಸಕ್ಕರೆಯ ಮಾತಾದರೆ ನಾನು ಇದನ್ನು ಬರೆಯುತ್ತಿರಲಿಲ್ಲ. 1923ರಲ್ಲಿ ಹುಟ್ಟಿದ ತೋಟಗಾರರ ಸೇಲ್ ಸೊಸೈಟಿಯ ಸೂಪರ್ ಮಾರ್ಕೆಟ್ ನಮ್ಮೂರಿನಲ್ಲೇ ಇರುವಾಗ ದಿನಸಿಗೆ ಯಾರಿಗೂ ಕೊರತೆಯಿಲ್ಲ. ಆದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವಾದ ಅಪ್ಪೆಮಿಡಿಯ ಕಾಲದಲ್ಲಿ ಮಾಮನ ಅಂಗಡಿಯ ಮುಂದೆ ಒಮ್ಮೆ ನಿಂತವರಿಗೆ ನಾನು ಏನು ಹೇಳುತ್ತಿದ್ದೇನೆಂದು ತಿಳಿಯುತ್ತದೆ. ಅಘನಾಶಿನಿ ಹೊಳೆಯ ದಂಡೆಯ ಕಡೆಯಿಂದ ಬಂದ ಬುಟ್ಟಿಗಳಿಂದ ಒಂದು ಮಿಡಿಯನ್ನು ಎತ್ತಿ, ತೊಟ್ಟು ಮುರಿದು, ಜಿನುಗುವ ಸೊನೆಯನ್ನು ಮೂಗಿನ ಹತ್ತಿರ ಹಿಡಿದು, "ಇದು ಜೀರಿಗೆ ಪರಿಮಳದ್ದು, ಉಪ್ಪಿನಲ್ಲಿ ಎರಡು ವರ್ಷ ಕೂತರೂ ಮೆತ್ತಗಾಗುವುದಿಲ್ಲ, ಆ ಇನ್ನೊಂದು ಬುಟ್ಟಿಯದನ್ನು ಈ ಮಳೆಗಾಲದೊಳಗೆ ಮುಗಿಸಿಬಿಡು" ಎಂದು ಅವರು ಹೇಳಿದರೆ, ಅದು ಇಂದಿನವರೆಗೆ ನಮ್ಮ ಮನೆಯ ಭರಣಿಯಲ್ಲಿ ಸುಳ್ಳಾಗಿಲ್ಲ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ಒಳ್ಳೆಯದೇ ಆಯಿತು. ಆದರೂ ಎದುರಿಗಿರುವ ಬುಟ್ಟಿ ಎಂಥದ್ದೆಂದು ಹೇಳಲು ಬಲ್ಲವರ ಮೂಗೇ ಬೇಕು.

ಇಷ್ಟು ವರ್ಷದ ಬಾಡಿಗೆದಾರರನ್ನು ಹೀಗೆ ಎಬ್ಬಿಸಬಹುದೇ? ಕೇರಿಯವರಾಗಿ ನಾವು ಏನು ಮಾಡಬಹುದು?

ಕುಮಟಾ ವಕೀಲ:

ತಾವು ಕೇಳಿದ ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಬಾಯಿಮಾತು ನೋಟಿಸ್ ಆಗುವುದಿಲ್ಲ. ನೋಂದಾಯಿತ ಕರಾರು ಇಲ್ಲದೆ ತಿಂಗಳ ಬಾಡಿಗೆಯ ಮೇಲೆ ನಡೆಯುವ ಅಂಗಡಿಯನ್ನು ತೆರವುಗೊಳಿಸಬೇಕಾದರೆ, ಸ್ವತ್ತು ವರ್ಗಾವಣೆ ಕಾಯಿದೆಯ 106ನೆಯ ಕಲಮಿನಂತೆ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು; ಆ ಮೇಲೂ ಬಾಡಿಗೆದಾರರು ಬಿಡದಿದ್ದರೆ ಮಾಲೀಕರು ನ್ಯಾಯಾಲಯಕ್ಕೆ ಹೋಗಬೇಕೇ ಹೊರತು ತಾವೇ ಬೀಗ ಜಡಿಯುವಂತಿಲ್ಲ.

ಇದಕ್ಕಿಂತ ಬಲವಾದ ರಕ್ಷಣೆ 1999ರ ಕರ್ನಾಟಕ ಬಾಡಿಗೆ ಕಾಯಿದೆಯಲ್ಲಿದೆ. ಆದರೆ ವ್ಯಾಪಾರದ ಜಾಗದ ತಳಪಾಯದ ವಿಸ್ತೀರ್ಣ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ, ಮೀರಿದ್ದರೆ ಆ ಕಾಯಿದೆ ಅನ್ವಯಿಸುವುದಿಲ್ಲ. ಕಾಯಿದೆ ಯಾವ ಯಾವ ಊರುಗಳಿಗೆ ಅನ್ವಯಿಸುತ್ತದೆ ಎಂಬುದು ಅದರ ಅನುಸೂಚಿಯಲ್ಲಿದೆ. ಅದನ್ನು ಶಿರಸಿಯ ವಕೀಲರೊಬ್ಬರಿಂದ ನೋಡಿಸಿಕೊಳ್ಳಿ. ಅಂಗಡಿಯನ್ನು ಅಳೆದು ತಿಳಿಸಿ. ತಳಪಾಯದ ವಿಸ್ತೀರ್ಣ ಎಂದರೆ ಗೋಡೆಯ ದಪ್ಪವೂ ಸೇರುತ್ತದೆ ಎಂಬುದನ್ನು ಮರೆಯಬೇಡಿ. ಈ ತಿಂಗಳಿನಿಂದ ಬಾಡಿಗೆಯನ್ನು ಬ್ಯಾಂಕಿನ ಮೂಲಕವೇ ಕಟ್ಟಲು ಹೇಳಿ, ಬಾಡಿಗೆ ಬಾಕಿ ಇದೆ ಎಂಬ ಆರೋಪಕ್ಕೆ ಅವಕಾಶವಾಗಬಾರದು.

ಸಿದ್ದಾಪುರದ ಮಗಳು:

ಈ ಅಂಗಡಿಗೆ ನಮ್ಮ ಆಯಿ ಇಪ್ಪತ್ತೆರಡು ವರ್ಷಗಳಿಂದ ಹಲಸಿನ ಹಪ್ಪಳ ಕೊಡುತ್ತಿದ್ದಾಳೆ. ತೊಳೆ ಬೇಯಿಸಿ, ಕುಟ್ಟಿ, ಒತ್ತಿ, ಮಳೆ ಹಿಡಿಯುವ ಮೊದಲು ಚಾಪೆಯ ಮೇಲೆ ಒಣಗಿಸಿದ ಹಪ್ಪಳವನ್ನು ನೂರರ ಕಟ್ಟು ಮಾಡಿ ಬಸ್ಸಿನಲ್ಲಿ ತರುತ್ತಾಳೆ. ಮಾಮನ ಖಾತೆ ಪುಸ್ತಕದಲ್ಲಿ ಆಯಿಯ ಹೆಸರಿನ ಪುಟವನ್ನು ನಾನು ಕಣ್ಣಾರೆ ಕಂಡಿದ್ದೇನೆ: ಎಡಕ್ಕೆ ಹಪ್ಪಳದ ಜಮೆ, ಬಲಕ್ಕೆ ಚಹಾಪುಡಿ, ಸಕ್ಕರೆ, ಸೋಪಿನ ಖರ್ಚು, ನಡುವೆ ಒಂದು ಕಡೆ ನನ್ನ ಕಾಲೇಜಿನ ಫೀಸಿಗೆಂದು ಮುಂಗಡವಾಗಿ ಕೊಟ್ಟ 3,000 ರೂಪಾಯಿ. ಆ ಹಣಕ್ಕೆ ಅವರು ಬಡ್ಡಿ ಹಾಕಲಿಲ್ಲ; ಎರಡು ಬೇಸಿಗೆಯ ಹಪ್ಪಳದಲ್ಲಿ ಅದು ತೀರಿತು.

ಹಾಗೆಂದು ಬೇರೆ ದಾರಿಯೇ ಇಲ್ಲವೆಂದು ನಾನು ಹೇಳುವುದಿಲ್ಲ. ಕದಂಬ ಮಾರ್ಕೆಟಿಂಗ್‌ನಂಥ ಸಹಕಾರಿ ಸಂಸ್ಥೆ ಶಿರಸಿಯಲ್ಲೇ ಇದೆ, ಮಲೆನಾಡಿನ ಉತ್ಪನ್ನಗಳಿಗೆ ಅಲ್ಲಿ ಮಾರುಕಟ್ಟೆ ಇದೆ. ಆದರೆ ದೊಡ್ಡ ಮಳಿಗೆಗೆ ಕೊಡಬೇಕಾದರೆ ಆಹಾರ ಸುರಕ್ಷತೆಯ ನೋಂದಣಿ, ಲೇಬಲ್, ಒಂದೇ ಅಳತೆಯ ಪ್ಯಾಕೆಟ್ ಎಲ್ಲವೂ ಬೇಕಾಗುತ್ತದೆ. ಅರವತ್ತು ದಾಟಿದ ಒಬ್ಬ ಹೆಂಗಸು ವರ್ಷಕ್ಕೆ ಮಾಡುವ ಎಂಟು ನೂರು ಹಪ್ಪಳಕ್ಕಾಗಿ ಅಷ್ಟು ಓಡಾಡಲಾರಳು. ಆಯಿಯಂಥ ಹತ್ತು ಹನ್ನೆರಡು ಮಂದಿ ಈ ಅಂಗಡಿಗೆ ಉಪ್ಪಿನಕಾಯಿ, ತೊಡದೇವು, ಒಣಗಿಸಿದ ಮುರುಗಲು ಕೊಡುವವರಿದ್ದಾರೆ. ಅಂಗಡಿಯನ್ನು ಎಲ್ಲಿಗೆ ಒಯ್ದರೂ ಸರಿ, ಆ ಪುಸ್ತಕ ಮುಚ್ಚದಂತೆ ನೋಡಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ಅಂಕೋಲೆಯವ:

ನಮ್ಮ ಊರಿನ ಇಂಥದೇ ಒಂದು ಅಂಗಡಿ ಹೆದ್ದಾರಿ ಅಗಲೀಕರಣದಲ್ಲಿ ಹೋಯಿತು. ಪರಿಹಾರ ಸಿಕ್ಕಿತು, ಬೇರೆ ಜಾಗವೂ ಸಿಕ್ಕಿತು. ಆದರೆ ನಡುವೆ ಎಂಟು ತಿಂಗಳು ಬಾಗಿಲು ಮುಚ್ಚಿದ್ದರಿಂದ ಹಳ್ಳಿಯಿಂದ ಸಿಹಿ ಈರುಳ್ಳಿಯ ಜಡೆ, ಬೇಸಿಗೆಯ ಕೊನೆಗೆ ಕರಿಈಶಾಡ ಮಾವಿನ ಹಣ್ಣು ತರುತ್ತಿದ್ದವರೆಲ್ಲ ಬೇರೆ ಗಿರಾಕಿ ಹಿಡಿದರು. ಹೊಸ ಅಂಗಡಿ ತೆರೆದಾಗ ಕೊಳ್ಳುವವರು ಬಂದರು, ಕೊಡುವವರು ಬರಲಿಲ್ಲ. ಹಾಗಾಗಿ ನನ್ನ ಸಲಹೆ ಇಷ್ಟೇ: ಮೊಕದ್ದಮೆಯಲ್ಲಿ ವರ್ಷ ಕಳೆಯುವುದಕ್ಕಿಂತ ಹಳೆಯ ಬಾಗಿಲು ತೆರೆದಿರುವಾಗಲೇ ಹೊಸದನ್ನು ತೆರೆಯಿರಿ, ಎರಡು ತಿಂಗಳಾದರೂ ಎರಡೂ ಒಟ್ಟಿಗೆ ನಡೆಯಲಿ. ಮಾಲೀಕರ ಜತೆ ಜಗಳ ಬೇಡ. ಹೊಸ ಕಟ್ಟಡದಲ್ಲಿ ನೆಲಮಾಳಿಗೆಯಲ್ಲದ, ರಸ್ತೆಯ ಮಟ್ಟದ ಒಂದು ಸಣ್ಣ ಮಳಿಗೆಯನ್ನು ಇವರಿಗೇ ಕೊಡುವುದಾಗಿ ನೋಂದಾಯಿತ ಕರಾರು ಮಾಡಿಸಿಕೊಳ್ಳಿ.

ದೇವಿಕೆರೆ ನಿವಾಸಿ:

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಅಂಗಡಿಯನ್ನು ಅಳೆದೆವು, ಟೇಪಿನ ಇನ್ನೊಂದು ತುದಿಯನ್ನು ಮಾಮನೇ ಹಿಡಿದಿದ್ದರು. ಒಳಗಿನಿಂದ 9 ಅಡಿ ಅಗಲ, 13 ಅಡಿ ಉದ್ದ, ಒಟ್ಟು 117 ಚದರ ಅಡಿ. ಒಂದು ಕ್ಷಣ ಇಬ್ಬರಿಗೂ ಸಮಾಧಾನವಾಯಿತು. ಆದರೆ ಮೂರು ಕಡೆಯೂ ಒಂದೂಕಾಲು ಅಡಿ ದಪ್ಪದ ಚಿರೆಕಲ್ಲಿನ ಗೋಡೆ; ಅದನ್ನು ಸೇರಿಸಿದರೆ ಸುಮಾರು 164 ಚದರ ಅಡಿಯಾಗುತ್ತದೆ. ವಕೀಲರು ಹೇಳಿದ ಮಿತಿಯನ್ನು ಗೋಡೆಗಳೇ ದಾಟಿಸಿಬಿಟ್ಟಿವೆ. ಮಾಮ ಲೆಕ್ಕವನ್ನು ತಾವೇ ಇನ್ನೊಮ್ಮೆ ಬಳಪದಲ್ಲಿ ಬರೆದು ನೋಡಿ, ಕೋರ್ಟಿನ ಮೆಟ್ಟಿಲು ತನಗೆ ಬೇಡವೆಂದು ಹೇಳಿದರು.

ಅಂಕೋಲೆಯವರ ಮಾತನ್ನು ಅವರಿಗೆ ಓದಿ ಹೇಳಿದಾಗ ಮಾತ್ರ ಅವರ ಮುಖ ಗೆಲುವಾಯಿತು. ಭಾನುವಾರ ಕೇರಿಯ ಐದಾರು ಮಂದಿ ಮಾಲೀಕರನ್ನು ಕಂಡು, ಹೊಸ ಕಟ್ಟಡದಲ್ಲಿ ಮಳಿಗೆ ಕೊಡುವ ಕರಾರಿನ ಬಗ್ಗೆ ಕೇಳಲಿದ್ದೇವೆ. ಮಾಲೀಕರ ಅಕ್ಕ ಪ್ರತಿ ವರ್ಷ ಇದೇ ಅಂಗಡಿಯಿಂದ ಮಿಡಿ ಒಯ್ಯುವವರು, ಅವರೂ ಬರಲಿ ಎಂದು ಕರೆದಿದ್ದೇವೆ. ಕಟ್ಟಡ ಮುಗಿಯುವವರೆಗೆ ತಾತ್ಕಾಲಿಕವಾಗಿ ಒಂದು ಕೋಣೆ ಬೇಕಾಗುತ್ತದೆ. ದೇವಿಕೆರೆಯಿಂದ ಬಿಡಕಿಬೈಲಿನವರೆಗಿನ ಆಸುಪಾಸಿನಲ್ಲಿ, ರಸ್ತೆಗೆ ಬಾಗಿಲಿರುವ, ನೂರಿಪ್ಪತ್ತು ಚದರ ಅಡಿಯ ಜಾಗ ಯಾರ ಗಮನದಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಗೋಡೆಗೆ ಮಳೆಗಾಲದ ತೇವ ಇಳಿಯದಂತಿರಬೇಕು, ಸಿದ್ದಾಪುರದ ಆಯಿಯ ಹಪ್ಪಳದ ಕಟ್ಟುಗಳನ್ನು ಮೊದಲು ಅಲ್ಲಿಗೇ ಸಾಗಿಸುವುದಾಗಿ ಮಾಮ ಹೇಳಿದ್ದಾರೆ.