ಸಹಾಯ ಬೇಕು: ಬಿಳಿ ಹೂವು ಫೋಟೋದಲ್ಲಿ ಬೂದಿ ಬಣ್ಣವಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ಚಳಿ ಇನ್ನೂ ಪೂರ್ತಿ ಹೋಗಿಲ್ಲ, ಆಗಲೇ ನಗರದ ಪಾರ್ಕಿನಲ್ಲಿ ಮರಗಳು ಹೂ ಬಿಟ್ಟಿವೆ. ಎಲೆ ಒಂದೂ ಇಲ್ಲ, ಬರೀ ಹೂವು. ಬೆಳಕು ಹರಿಯುವ ಹೊತ್ತಿಗೇ ಹೋದರೂ ಒಂದೊಂದು ಕೊಂಬೆಗೆ ನಾಲ್ಕೈದು ಕ್ಯಾಮೆರಾ. ನಾನೂ ಅವರಲ್ಲೊಬ್ಬ, ಹಾಗಾಗಿ ಬೈಯುವ ಹಾಗಿಲ್ಲ.

ನನ್ನ ಕಷ್ಟ ಇದು. ಹಿಂದೆ ಮೋಡದ ಆಕಾಶ ಇದ್ದರೆ ಬಿಳಿ ಹೂವು ಮಂಕಾಗಿ ಬೂದಿ ಬಣ್ಣಕ್ಕೆ ಬರುತ್ತದೆ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ನಡುಮಟ್ಟದ ಬೂದಿ ಬಣ್ಣ ಅಂತ ಲೆಕ್ಕ ಹಾಕುತ್ತದೆ, ಅದಕ್ಕೇ ಹೀಗೆ ಎಂದು ಗೊತ್ತಾಗಿ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರ್ ಹೇಳಿದ್ದಕ್ಕಿಂತ ಬೆಳಕು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) +1 ಇಟ್ಟೆ. ಹೂವು ಬೆಳ್ಳಗಾಯಿತು, ನಿಜ. ಆದರೆ ಅದೇ ಸೆಟ್ಟಿಂಗಿನಲ್ಲಿ ಕಪ್ಪು ಕಾಂಡದ ಮುಂದಿನ ಹೂವು ತೆಗೆದರೆ ಅತಿಯಾಗಿ ಬೆಳ್ಳಗಾಗಿ ಎಸಳಿನ ಗೆರೆಗಳೇ ಮಾಯ. ರಾ ಫೈಲಿನಲ್ಲೂ (ಕ್ಯಾಮೆರಾ ಉಳಿಸುವ ಸಂಸ್ಕರಿಸದ ಮೂಲ ಫೈಲು) ತಿದ್ದಿದರೆ ವಾಪಸ್ ಬರಲಿಲ್ಲ. ಪ್ರತಿ ಸಲ ಹಿಸ್ಟೋಗ್ರಾಂ (ಫೋಟೋದ ಬೆಳಕು-ಕತ್ತಲೆಯ ಗ್ರಾಫ್) ನೋಡುತ್ತಾ ನಿಲ್ಲೋಣ ಅಂದರೆ ಹಿಂದಿನವರು "ಆಯ್ತಾ?" ಅಂತಾರೆ. ಸ್ಪಾಟ್ ಮೀಟರಿಂಗ್ (ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವುದು) ಒಳ್ಳೆಯದಾ, ಅಥವಾ ಸುಮ್ನೆ ಎಲ್ಲ ಕೈಯಾರೆ ಹೊಂದಿಸುವ ಮ್ಯಾನುವಲ್‌ಗೆ ಹೋಗಲಾ?

ಇನ್ನೊಂದು. ಸಣ್ಣ ಗಾಳಿಗೂ ಕೊಂಬೆ ಅಲುಗುತ್ತದೆ. ನನ್ನದು 50 ಎಂಎಂ ಲೆನ್ಸ್, ಅಪರ್ಚರ್ (ಬೆಳಕು ಬಿಡುವ ಕಿಂಡಿ) ಎಫ್ 2.8, ಶಟರ್ 1/250 ಸೆಕೆಂಡ್. ಒಂದು ಎಸಳು ಫೋಕಸ್ ಆದರೆ ಪಕ್ಕದ್ದು ಮಸುಕು. ಕಿಂಡಿ ಕಿರಿದು ಮಾಡಿ ಎಫ್ 8ಕ್ಕೆ ಹೋದರೆ ಹಿಂದಿನ ಜನ, ಅವರ ಮೊಬೈಲು ಎಲ್ಲ ಸ್ಪಷ್ಟ! ಉದ್ದದ ಲೆನ್ಸ್ ಬಾಡಿಗೆಗೆ ತರಲಾ?

ಕೊಂಬೆ ಬಗ್ಗಿಸಿ ಹಿಡಿ ಅಂತ ಮಾತ್ರ ಹೇಳಬೇಡಿ. ನಿನ್ನೆ ಒಬ್ಬರು ಹಾಗೆ ಮಾಡಿ ಅರ್ಧ ಹೂವು ಉದುರಿಸಿದರು. ಜೋರು ಮಳೆ ಬಂದರೆ ಉಳಿದದ್ದೂ ನೆಲಕ್ಕೆ. ಶನಿವಾರ ಮತ್ತೆ ಹೋಗುತ್ತಿದ್ದೇನೆ, ಅಷ್ಟರೊಳಗೆ ಯಾರಾದರೂ ಹೇಳಿ.