ನೇತ್ರಾಣಿಯ ಹವಳ: ನನ್ನ 1,400 ಫೋಟೊಗಳಿಂದ ಏನಾದರೂ ಉಪಯೋಗ ಇದೆಯಾ?

ಹುಬ್ಬಳ್ಳಿ_ಮೀನು:

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ವಿಜ್ಞಾನದ ಪುಸ್ತಕ ಮುಚ್ಚಿಟ್ಟು ಇಪ್ಪತ್ತು ವರ್ಷ ಆಯಿತು. ಆದರೆ 2019ರಿಂದ, ಕೊರೊನಾ ಸಮಯ ಬಿಟ್ಟರೆ, ವರ್ಷಕ್ಕೆ ಎರಡು ಮೂರು ಸಲ ಮುರುಡೇಶ್ವರಕ್ಕೆ ಹೋಗಿ ಅಲ್ಲಿಯ ನೇತ್ರಾಣಿ ದ್ವೀಪದ ಹತ್ತಿರ ಡೈವ್ ಮಾಡಿ ಬರುತ್ತೇನೆ. ಹುಚ್ಚು ಅಂತ ಮನೆಯಲ್ಲಿ ಬೈತಾರೆ. ಹಾರ್ಡ್ ಡಿಸ್ಕಿನಲ್ಲಿ 1,400 ಫೋಟೊ ಕೂತಿವೆ.

ಈ ಏಪ್ರಿಲ್‌ನಲ್ಲಿ ಒಂದು ಗುಂಡು ಹವಳದ ಒಂದು ಮಗ್ಗುಲು ಬಿಳಿಚಿಕೊಂಡ ಹಾಗೆ ಕಂಡಿತು. ಮೊದಲೆಲ್ಲ ಕಾಫಿಪುಡಿ ಬಣ್ಣಕ್ಕಿತ್ತು ಅಂತ ನೆನಪು. ಫೋಟೊವನ್ನು ಪರಿಚಯದ ಸಂಶೋಧಕರೊಬ್ಬರಿಗೆ ಕಳಿಸಿದೆ. ಅವರು ಮೂರೇ ಪ್ರಶ್ನೆ ಕೇಳಿದರು. ಎಷ್ಟು ಆಳ? ಅಳತೆಗೆ ಪಕ್ಕದಲ್ಲಿ ಏನಿಟ್ಟಿದ್ದಿರಿ? ಇದೇ ಹವಳದ ಹಳೆಯ ಫೋಟೊ ಇದೆಯಾ? ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಪೆಚ್ಚಾದೆ.

ಹಾಗಾದರೆ ಇಷ್ಟು ವರ್ಷ ತೆಗೆದಿದ್ದೆಲ್ಲ ಸುಮ್ನೆ ಚಂದಕ್ಕಾ? ಮುಂದಿನ ಸಲ ಗುರುತಿಗೆ ಆ ಹವಳಕ್ಕೆ ಒಂದು ಕೇಬಲ್ ಟೈ ಕಟ್ಟಿ ಬರಲಾ?

ಕವರತ್ತಿ_ರಿಟರ್ನ್:

ಅಕ್ಕಾ, ಕೇಬಲ್ ಟೈ ಬೇಡವೇ ಬೇಡ. ಕಲ್ಲು ಹವಳಗಳು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಅನುಮತಿ ಇಲ್ಲದೆ ಕಟ್ಟೋದು, ಮುರಿಯೋದು ಏನೂ ಮಾಡಬೇಡಿ.

ನಾನು ಎರಡು ಸೀಸನ್ ಲಕ್ಷದ್ವೀಪದಲ್ಲಿ ಸರ್ವೆ ತಂಡದ ಸಹಾಯಕನಾಗಿದ್ದೆ. ಕೆಲಸ ಏನು ಗೊತ್ತಾ? ತಳದಲ್ಲಿ 50 ಮೀಟರ್ ಟೇಪು ಹಾಸಿ, ಅದರ ಕೆಳಗೆ ಏನೇನು ಬರುತ್ತೋ ಎಲ್ಲ ಬರೆಯೋದು. ಹವಳ 30 ಸೆಂ.ಮೀ., ಮರಳು 12, ಸತ್ತ ಹವಳದ ಮೇಲೆ ಪಾಚಿ 40. ಮೀನು ಬಂದು ಪೆನ್ಸಿಲ್ ಕುಕ್ಕಿದರೂ ತಲೆ ಎತ್ತೋ ಹಾಗಿಲ್ಲ. ಬೇಜಾರಿನ ಕೆಲಸ. ಆದರೆ ಅಗತ್ತಿ, ಕಡಮತ್, ಕವರತ್ತಿಗಳಲ್ಲಿ 1998ರಲ್ಲಿ ತಳದ ನೂರಕ್ಕೆ 37ರಷ್ಟಿದ್ದ ಜೀವಂತ ಹವಳ 2022ಕ್ಕೆ 20ರ ಹತ್ತಿರ ಇಳಿದಿದೆ ಅಂತ ಗೊತ್ತಾಗಿರುವುದು, ಮತ್ತೆ ಮತ್ತೆ ಅಲ್ಲಿಗೇ ಹೋಗಿ ಎಣಿಸಿದ್ದರಿಂದ. 1,400 ಹವಳದ ಒಂದೊಂದು ಫೋಟೊಗಿಂತ ಒಂದೇ ಹವಳದ ಹದಿನಾಲ್ಕು ಫೋಟೊ ಮೇಲು.

ಬಿಳಿ ಅಂದರೆ ಸತ್ತಿದೆ ಅಂತಲೂ ಅಲ್ಲ. ಬಿಸಿ ತಾಳದೆ, ತನಗೆ ಬಣ್ಣ ಕೊಡುವ ಮೈಯೊಳಗಿನ ಪಾಚಿಯನ್ನು ಹೊರಹಾಕಿರಬಹುದು. ಬೇಗ ನೀರು ತಣಿದರೆ ಬಣ್ಣ ವಾಪಸ್ ಬರುತ್ತೆ. ಬಸವನಹುಳು ತಿಂದ ಗಾಯವೂ ಇರಬಹುದು, ನಿಮ್ಮ ಫ್ಲ್ಯಾಶ್ ಬೆಳಕೂ ಇರಬಹುದು. ಒಂದೇ ಫೋಟೊ ನೋಡಿ ಯಾರೂ ಹೇಳಲಾರರು.

ಅಂದಹಾಗೆ, ಕೈಯಲ್ಲಿ ಡೈವ್ ಕಂಪ್ಯೂಟರ್ ಇತ್ತಲ್ವಾ? ಅದರಲ್ಲಿ ಆಳವೂ ಇರುತ್ತೆ, ನೀರಿನ ಬಿಸಿಯೂ ಇರುತ್ತೆ. ಅಮೆರಿಕದ ನೋವಾ ಸಂಸ್ಥೆ ಉಪಗ್ರಹದಿಂದ 5 ಕಿ.ಮೀ. ಚೌಕಗಳಲ್ಲಿ ಸಮುದ್ರದ ಬಿಸಿಯ ಲೆಕ್ಕ ದಿನವೂ ಹಾಕುತ್ತೆ. ವರ್ಷದ ಅತಿ ಬಿಸಿ ತಿಂಗಳ ಸರಾಸರಿಗಿಂತ ಕಡಿಮೆ ಅಂದರೂ 1 ಡಿಗ್ರಿ ಮೇಲಿದ್ದ ವಾರಗಳ ಬಿಸಿಯನ್ನು ಕೂಡುತ್ತಾ ಹೋಗುತ್ತಾರೆ. ಆ ಮೊತ್ತ 4 ಮುಟ್ಟಿದರೆ ಹವಳ ಬಿಳಿಚೋ ಸಾಧ್ಯತೆ ಜಾಸ್ತಿ, 8 ಮುಟ್ಟಿದರೆ ಸಾಯೋ ಸಾಧ್ಯತೆಯೂ ಜಾಸ್ತಿ. ಆದರೆ ಅದು ನೀರಿನ ಮೇಲ್ಮೈಯ ಲೆಕ್ಕ. ನಿಮ್ಮ ಹವಳದ ಹತ್ತಿರ ಎಷ್ಟಿತ್ತು ಅನ್ನೋದು ಉಪಗ್ರಹಕ್ಕೆ ಕಾಣಲ್ಲ.

ಅಳ್ವೆಕೋಡಿ_ಹುಡುಗ:

ನಮ್ಮಪ್ಪ ಮೂವತ್ತು ವರ್ಷದಿಂದ ಆ ನೇತ್ರಾಣಿ ಗುಡ್ಡದ ಸುತ್ತ ಗಾಳ ಹಾಕುವವರು. ಮುರು ಮೀನು ಎಷ್ಟು ಸಿಗುತ್ತಿತ್ತು, ಈಗ ಎಷ್ಟು, ಎಲ್ಲ ಬಾಯಲ್ಲೇ ಇದೆ. ಡೈವಿಂಗಿನವರು ಮಳೆಗಾಲದಲ್ಲಿ ಬರೋದಿಲ್ಲ, ಆಗ ನೀರೊಳಗೆ ಏನಾಗುತ್ತೆ ಅಂತ ನಿಮ್ಮ ಫೋಟೊ ಹೇಳಲ್ಲ. ಮಳೆಗಾಲ ಮುಗಿಯೋ ಹೊತ್ತಿಗೆ ಅಡಿಯಿಂದ ತಣ್ಣನೆ ನೀರು ಬರೋದು ನಮಗೆ ಗೊತ್ತು.

ಬಂದು ಕೇಳಿದರೆ ಹೇಳಬಹುದು. ಆದರೆ ಒಂದು ಮಾತು. ಲೆಕ್ಕ ಕೊಟ್ಟ ಮೇಲೆ ನಾಳೆ ಅದನ್ನೇ ತೋರಿಸಿ ಗುಡ್ಡದ ಹತ್ತಿರ ಬರಬೇಡಿ ಅಂದರೆ? ಹವಳದ ಮೇಲೆ ಲಂಗರು ಇಳಿಸುವ ಟೂರಿಸ್ಟ್ ಬೋಟುಗಳನ್ನೂ ಎಣಿಸುತ್ತೀರಾ, ಇಲ್ಲ ನಮ್ಮ ಗಾಳ ಮಾತ್ರವಾ?

ಕವರತ್ತಿ_ರಿಟರ್ನ್:

ನ್ಯಾಯವಾದ ಪ್ರಶ್ನೆ. ಲಂಗರನ್ನೂ ಎಣಿಸಲೇಬೇಕು. ಎಲ್ಲಿ ಎಷ್ಟು ಬೋಟು ನಿಲ್ಲುತ್ತವೆ ಅಂತ ಗೊತ್ತಿಲ್ಲದೆ ಲಂಗರಿನ ಬದಲು ಬೋಟು ಕಟ್ಟೋಕೆ ತೇಲುವ ಬೋಯ್ ಎಲ್ಲಿ ಹಾಕಬೇಕು ಅಂತ ಹೇಳೋದು ಹೇಗೆ? ಮೀನಿನ ಲೆಕ್ಕ ಕೊಡುವ ಮೊದಲೇ ಅದು ಯಾರ ಕೈಗೆ ಹೋಗುತ್ತೆ ಅಂತ ಬರೆಸಿಕೊಳ್ಳಿ.

ಹುಬ್ಬಳ್ಳಿ_ಮೀನು:

ನಿನ್ನೆ ರಾತ್ರಿ ಎರಡು ಗಂಟೆವರೆಗೆ ಕೂತು ಹುಡುಕಿದೆ. ಆ ಗುಂಡು ಹವಳದ ಎಡಕ್ಕೆ ಒಂದು ಬಿರುಕಿದೆ, ಅದರೊಳಗೆ ಯಾವಾಗಲೂ ಒಂದು ಹಾವುಮೀನು ಬಾಯಿ ತೆರೆದು ಕೂತಿರುತ್ತೆ. ನಾನು ತೆಗೆದಿದ್ದು ಅದರ ಫೋಟೊ, ಹವಳ ಹಿಂದೆ ಸುಮ್ನೆ ಬಿದ್ದಿದೆ. ಹಾಗೆ 11 ಸಿಕ್ಕವು! ಮೊದಲನೆಯದು 2019ರ ಡಿಸೆಂಬರಿನದು. ಅದರಲ್ಲಿ ಆ ಮಗ್ಗುಲು ಕಂದು ಬಣ್ಣವೇ.

ಕಂಪ್ಯೂಟರ್ ಬಾಡಿಗೆಯದು, ಅದರ ಲೆಕ್ಕ ಹೋಯಿತು. ಆದರೆ ನಮ್ಮ ಇನ್‌ಸ್ಟ್ರಕ್ಟರ್ ಪ್ರತಿ ಡೈವ್ ಆದಮೇಲೆ ನನ್ನ ಲಾಗ್‌ಬುಕ್ಕಿನಲ್ಲಿ ಆಳ, ನೀರಿನ ಡಿಗ್ರಿ ಬರೆದು ಸಹಿ ಹಾಕುತ್ತಿದ್ದರು. ಕಪಾಟಿನಲ್ಲಿ ಸಿಕ್ಕಿತು. ಎರಡು ಪುಟ ಉಪ್ಪುನೀರಿಗೆ ಅಂಟಿಕೊಂಡಿವೆ. ಈ ಏಪ್ರಿಲ್‌ನದು: 11 ಮೀಟರ್, 31 ಡಿಗ್ರಿ. ಇದನ್ನು ನಂಬಬಹುದಾ?

ಕವರತ್ತಿ_ರಿಟರ್ನ್:

ಕಂಪ್ಯೂಟರ್ ಒಂದು ಡಿಗ್ರಿ ಆಚೀಚೆ ತೋರಿಸೋದು ಉಂಟು. ಯಾವ ಮಾಡೆಲ್ ಅಂತ ಪಕ್ಕದಲ್ಲಿ ಬರೆದಿಡಿ. ಅಂಟಿದ ಪುಟ ಎಳೆಯಬೇಡಿ, ಒಣಗಲಿ. 11 ಫೋಟೊಗಳ ಮೂಲ ಫೈಲು ಬೇಕು, ವಾಟ್ಸಾಪಿನವು ಬೇಡ, ಅದರಲ್ಲಿ ತಾರೀಖು ಹೋಗಿಬಿಡುತ್ತೆ. ಅಕ್ಟೋಬರಿಗೆ ಹೋಗುವಾಗ ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಮೀಟರ್ ಬಿಳಿ ಪಿವಿಸಿ ಪೈಪು ಕೊಯ್ಸಿ, 10 ಸೆಂ.ಮೀ.ಗೊಂದು ಕಪ್ಪು ಗೆರೆ ಹಾಕಿಕೊಳ್ಳಿ. ಅಳತೆಗೂ ಆಯಿತು, ಫೋಟೊದಲ್ಲಿ ಬಿಳಿ ಯಾವುದು ಅಂತ ತಿಳಿಯೋಕೂ ಆಯಿತು. ಹವಳಕ್ಕೆ ತಾಗಿಸಬೇಡಿ.

ಅಳ್ವೆಕೋಡಿ_ಹುಡುಗ:

ಪೈಪಿಗೆ ದಾರ ಕಟ್ಟಿ ಕೈಗೆ ಸುತ್ತಿಕೊಳ್ಳಿ ಅಕ್ಕಾ, ಗುಡ್ಡದ ಹತ್ತಿರ ಸೆಳೆತ ಜಾಸ್ತಿ. ಬಂದಾಗ ಹೇಳಿ, ಅಪ್ಪನನ್ನೂ ಮಾತಾಡಿಸಬಹುದು.